ಬೆಣ್ಣೆಯ ಬಣ್ಣ, ಗಂಧದ ಬಣ್ಣ

"ಗುರುಗಳೇ, ನನಗೆ ಜಪವೂ ಸರಿ ಎನಿಸುತ್ತದೆ, ಧ್ಯಾನವೂ ಸರಿ ಎನಿಸುತ್ತದೆ. ಯಾವುದನ್ನು ಹಿಡಿಯಲಿ ಎಂಬ ಯೋಚನೆಯಲ್ಲೇ ಎರಡನ್ನೂ ಬಿಟ್ಟು ಕುಳಿತಿದ್ದೇನೆ. ತಪ್ಪಾಗದಂತೆ ಆರಿಸುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ತಾಯಿಗೆ ಕಣ್ಣಿನಲ್ಲಿ ಪೊರೆ ಬಂದು ಎಷ್ಟೋ ವರ್ಷಗಳಿಂದ ಏನೂ ಕಾಣುತ್ತಿರಲಿಲ್ಲ. ಅವಳು ದೂರದ ಊರಿನ ಮಗಳ ಮನೆಗೆ ಹೋಗಿ ಅಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಪಟ್ಟಿ ಬಿಚ್ಚಿದಾಗ ದೃಷ್ಟಿ ಮರಳಿತ್ತು.

ಸುದ್ದಿ ಕೇಳಿದ ವ್ಯಾಪಾರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾಯಿ ಬಂದು ಕಣ್ತುಂಬ ನೋಡಲಿ ಎಂದು ಅವಳ ಕೋಣೆಗೆ ಬಣ್ಣ ಹೊಡೆಸಲು ಹೊರಟ. ಗೋಡೆಯ ಅರ್ಧಕ್ಕೆ ಬೆಣ್ಣೆಯ ಬಣ್ಣ ಬಳಿಸಿದ. ಚೆನ್ನಾಗಿತ್ತು. ತಿಳಿ ಗಂಧದ ಬಣ್ಣ ಇನ್ನೂ ಚೆನ್ನಾಗಿರಬಹುದೆಂದು ಉಳಿದರ್ಧಕ್ಕೆ ಅದನ್ನು ಬಳಿಸಿದ. ಅದೂ ಚೆನ್ನಾಗಿತ್ತು. ಬೆಳಿಗ್ಗೆ ಒಂದು ಒಪ್ಪಿಗೆಯಾದರೆ ಸಂಜೆಗೆ ಇನ್ನೊಂದು. ಹೆಂಡತಿಯನ್ನು ಕೇಳಿದರೆ, "ನನಗೆ ಎರಡೂ ಒಂದೇ ಥರ ಕಾಣುತ್ತವೆ. ಮೊದಲು ಅತ್ತೆಯವರನ್ನು ಕರೆದುಕೊಂಡು ಬನ್ನಿ" ಎಂದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೋಣೆ ಇನ್ನೂ ಆಗಿಲ್ಲ, ಸ್ವಲ್ಪ ದಿನ ತಡೆಯಲಿ ಎಂದು ತಂಗಿಗೆ ಹೇಳಿ ಕಳಿಸಿದ. ಮತ್ತೆಯೂ ಹಾಗೆಯೇ ಹೇಳಿ ಕಳಿಸಿದ.

ಅಲ್ಲಿ ತಾಯಿ ಮಗನ ಮುಖ ನೋಡಬೇಕೆಂದು ದಿನವೂ ಬಾಗಿಲಲ್ಲಿ ಕೂರುತ್ತಿದ್ದಳು. ಕೊನೆಗೆ ಮಗಳೇ ಬೇಸತ್ತು ಅವಳನ್ನು ಕರೆತಂದಳು.

ವ್ಯಾಪಾರಿ ಅರೆಬರೆ ಗೋಡೆಯ ಮುಂದೆ ತಲೆ ತಗ್ಗಿಸಿ ನಿಂತ. "ಅವ್ವಾ, ನಿನಗಾಗಿ ಚಂದ ಮಾಡಿಸಬೇಕೆಂದಿದ್ದೆ. ಇವೆರಡರಲ್ಲಿ ಯಾವುದೆಂದು ತಿಳಿಯದೆ ಕೆಲಸ ನಿಂತುಹೋಯಿತು."

ತಾಯಿ ಗೋಡೆಯ ಹತ್ತಿರ ಹೋದಳು. ಎರಡು ಬಣ್ಣಗಳು ಕೂಡುವಲ್ಲಿ ಬೆರಳಾಡಿಸಿದಳು. ಬೆರಳಿಗೆ ಏನೂ ತಿಳಿಯಲಿಲ್ಲ. ಕಣ್ಣಿಗೆ ತಿಳಿಯಿತು.

"ಇದು ಬೇರೆ, ಅದು ಬೇರೆ ಅಂತ ನನಗೆ ಕಾಣುತ್ತದಲ್ಲೋ ಮಗನೇ" ಎಂದಳು.

ಆಮೇಲೆ ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಅವನ ನೆರೆತ ಕೂದಲನ್ನು, ಹಣೆಯ ಗೆರೆಗಳನ್ನು ಒಂದೊಂದಾಗಿ ನೋಡುತ್ತಲೇ ನಿಂತಳು. ಜನ್ಮದಲ್ಲಿ ತನ್ನನ್ನು ಯಾರೂ ಹಾಗೆ ನೋಡಿಲ್ಲ ಎಂದು ಅವನಿಗೆ ಅನಿಸಿತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ಕೇಳಿದ: "ಕೊನೆಗೆ ಯಾವ ಬಣ್ಣ ಹೊಡೆಸಿದ, ಗುರುಗಳೇ?"

"ನಾನು ಕಣ್ಣು ಬಂದವಳ ಕತೆ ಹೇಳಿದೆ, ನೀನು ಗೋಡೆಯ ಕತೆ ಕೇಳಿದೆ" ಎಂದರು ಗುರುಗಳು.