ಈರಕ್ಕ ಕಿತ್ತ ಡಿಸ್ಕು

ಕೇಳಿರಪ್ಪೋ ಕೇಳಿರಿ! ಹೊನ್ನಕೆರೆ ದೊರೆಯ ಮೂರು ಒಗಟು ಬಿಡಿಸಿದವನಿಗೆ ದೊರೆಮಗಳು, ಜೊತೆಗೆ ಅರಮನೆ ಗಣಕಯಂತ್ರದ ಯಜಮಾನಿಕೆ. ತಪ್ಪಿದವನಿಗೆ ಕತ್ತಿ!

ಆ ಯಜಮಾನಿಕೆ ಮೊದಲು ಈರಕ್ಕನದು. ಯಂತ್ರದೊಳಗೆ ನಿಜದಂತೆಯೇ ಓಡುವ ಒಂದು ಹುಸಿಯಂತ್ರ ಹೂಡಿ, ಅದು ಓಡುತ್ತಿರುವಾಗಲೇ ಅದರ ನೆನಪಿನ ಡಿಸ್ಕು ಕಿತ್ತು ನೋಡುವುದು ಅವಳ ಕೆಲಸ. ಹುಸಿಯದು ತಾಳಿಕೊಂಡರೆ ಮಾತ್ರ ನಿಜದ್ದಕ್ಕೆ ಕೈ. ಒಂದು ದಿನ ಡಿಸ್ಕು ಕೀಳುತ್ತಲೇ ಹುಸಿಯಂತ್ರ ಸತ್ತಿತು. ದೊರೆ ಈರಕ್ಕನ ನಿಜವಾದ ತಲೆ ತೆಗೆಸಿದ. ತಪ್ಪು ಅವಳದೇ ಎಂದು ಸಾರಿಸಿದ.

ಅವಳ ಗಂಡ ಪಾಲಯ್ಯ, ಕಂಬಳಿ ನೇಯುವ ಹರೆಯದವ. ಡಂಗುರ ಕೇಳಿ ಮಗ್ಗದಿಂದ ಎದ್ದ. ಅವನಿಗೆ ದೊರೆಮಗಳು ಬೇಕಿರಲಿಲ್ಲ. ಹೆಂಡತಿಯ ಮೇಲೆ ಹೊರಿಸಿದ ಮಾತು ಅಳಿಯಬೇಕಿತ್ತು.

ಸಭೆಯಲ್ಲಿ ದೊರೆ ಕೇಳಿದ: "ಹೊಟ್ಟೆಯೊಳಗೆ ಹುಟ್ಟಿ, ಎಂದೂ ಹೊರಗೆ ಬಾರದೆ, ತಾನೇ ನಿಜವೆಂದು ನಂಬಿರುವುದು ಯಾವುದು?"

"ಬಸುರಿನ ಕೂಸು," ಎಂದ ಪಾಳೇಗಾರನ ಮಗ. ಎಳೆದೊಯ್ದರು.

"ಹುಸಿಯಂತ್ರ," ಎಂದ ಪಾಲಯ್ಯ.

ಮಂತ್ರಿ ನಕ್ಕ. "ಕಂಬಳಿಯವ್ನೂ ಕಲಿತವ್ನಲ್ಲಪ್ಪಾ!"

"ಉಣ್ಣುವಾಗ ಅವಳು ಹೇಳ್ತಿದ್ಲು, ಬುದ್ಧೀ."

ದೊರೆ ಎರಡನೆಯದು ಕೇಳಿದ: "ದೊರೆಯೇ ಅಪ್ಪಣೆ ಕೊಟ್ಟರೂ ಕೀಳಬಾರದ್ದು ಯಾವುದು?"

"ಗುಡಿಯ ಕಳಸ," ಎಂದ ಸೆಟ್ಟಿಯ ಮಗ. ಅವನನ್ನೂ ಎಳೆದೊಯ್ದರು.

ಪಾಲಯ್ಯ ಮುಂದೆ ಬಂದ. "ಒಳಗಿನ ಯಂತ್ರ ಇನ್ನೂ ಹಿಡ್ಕೊಂಡಿರೋ ಡಿಸ್ಕು. ಬಿಡು ಅಂತ ಕೇಳ್ಬೇಕು. ಬಿಟ್ಟೆ ಅಂತ ಅದೇ ಹೇಳೋತನಕ ಕಾಯ್ಬೇಕು. 'ಇನ್ನೂ ಬಿಟ್ಟಿಲ್ಲ' ಅಂತ ತಮ್ಗೆ ಅಂದ್ಲಂತೆ ಈರಕ್ಕ. ಸೆರೆಮನೇಲಿ ನಂಗೆ ಹೇಳಿದ್ಲು. ಕೀಳು ಅಂದೋರು ತಾವು. ನನ್ನ ಉತ್ತರ ತಪ್ಪಾದ್ರೆ ತಲೆ ತೆಗೀರಿ. ಸರಿಯಾದ್ರೆ, ಅವಳ ತಲೆ ಯಾಕೆ ಹೋಯ್ತು?"

ಕತ್ತಿಯವನು ದೊರೆಯ ಮುಖ ನೋಡಿದ. ದೊರೆ ನೆಲ ನೋಡಿದ.

"ಉತ್ತರ ಸರಿ," ಎಂದ. "ತಪ್ಪು ಅವಳದಲ್ಲ."

"ಸಾರಿಸಿ."

"ಸಾರಿಸ್ತೀನಿ. ಕಡೇದು ಹೇಳು. ಕಿತ್ತದ್ದು ಪೂರಾ ಹೋಯಿತೆಂದು ತಿಳಿಯುವುದು ಹೇಗೆ?"

"ಅದೇ ಜಾಗಕ್ಕೆ, ಅದೇ ಹೆಸರಲ್ಲಿ ಇನ್ನೊಂದು ಕೂರಿಸಿ ನೋಡ್ಬೇಕು. ಕೂತ್ರೆ ಹಳೇದು ಹೋಗಿದೆ. ಕೂರದಿದ್ರೆ ಒಳಗೆಲ್ಲೋ ಇನ್ನೂ ಇದೆ."

ಮೂರೂ ಸರಿ. ದೊರೆ ಮಗಳ ಕೈ ಹಿಡಿದು ತಂದ. ಪಾಲಯ್ಯ ಆ ಹುಡುಗಿಗೆ ಕೈ ಮುಗಿದ.

"ನಿಮ್ಮದೇನೂ ತಪ್ಪಿಲ್ಲ, ತಾಯಿ. ಅವಳ ಜಾಗ್ದಲ್ಲಿ ಇನ್ನೊಬ್ರು ಕೂರಲ್ಲ."

ಯಜಮಾನಿಕೆಯನ್ನೂ ಬೇಡವೆಂದು ಹೊರಬಿದ್ದ. ಸಂತೆಬೀದಿಯಲ್ಲಿ ಆಗಲೇ ಡಂಗುರ. ಈರಕ್ಕನದು ತಪ್ಪಿಲ್ಲವಂತೆ, ತಪ್ಪಿಲ್ಲವಂತೆ.

"ಯಾವ ಈರಕ್ಕನಪ್ಪಾ?" ಸೊಪ್ಪು ಕಟ್ಟುತ್ತಿದ್ದವಳು ತಲೆಯೆತ್ತದೆ ಕೇಳಿದಳು.

ಪಾಲಯ್ಯ ನಿಂತ.

"ನನ್ನ ಹೆಂಡ್ತಿ, ಕಣವ್ವಾ," ಅಂದ.