ಎಡಗೈಯ ಸುರುಳಿ

ಮಲಪ್ರಭೆಯ ದಂಡೆಯ ಮೇಲೆ ಅಡವಯ್ಯನವರ ಆಶ್ರಮ. ಅಲ್ಲಿಗೆ ಹಾಡು ಕಲಿಯಲು ಬಂದವರಲ್ಲಿ ದುಂಡಪ್ಪನೂ ಒಬ್ಬ.

ಮೊದಲು ಅವನು ಹುಬ್ಬಳ್ಳಿಯ ಮದುವೆ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ. ಆಶ್ರಮಕ್ಕೆ ಬಂದ ಮೇಲೂ ಅವನ ಬೆರಳು ಸುಮ್ಮನಿರಲಿಲ್ಲ. ಊಟಕ್ಕೆ ಕೂತರೆ ತಾಟಿನ ಅಂಚನ್ನೇ ಮೀಟುತ್ತಿದ್ದ.

ಒಂದು ದಿನ ಧೈರ್ಯ ಮಾಡಿ ಕೇಳಿಯೇ ಬಿಟ್ಟ.

“ಅಪ್ಪಾರ, ನೀವು ತತ್ವಪದ ಹಾಡೂ ಮುಂದ ನಾ ಗಿಟಾರ್ ನುಡಸ್ಲೇನ್ರಿ?”

“ನುಡಸು. ಎಲ್ಲೈತಿ?”

“ಇಲ್ರಿ. ಮಾರಿ ಬಂದೀನಿ.”

“ಹಂಗಾರ ಮಾಡ್ಕೋ.”

ಅಷ್ಟು ಹೇಳಿ ಒಳಗೆ ಹೋದ ಅಡವಯ್ಯನವರು ಉದ್ದನೆಯ, ದಪ್ಪನೆಯ ಹಲಸಿನ ಮಣೆಯೊಂದನ್ನು ತಂದು ಅವನ ಮುಂದಿಟ್ಟರು. ಅವರ ಗುರುಗಳು ಇರುವವರೆಗೂ ಪಾಠ ಹೇಳಿದ್ದು ಆ ಮಣೆಯ ಮೇಲೆ ಕೂತೇ.

ದುಂಡಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಹಿರಿಯ ಶಿಷ್ಯ ಫಕೀರಪ್ಪನಂತೂ ಬಾಯಿಗೆ ಕೈ ಹಚ್ಚಿಕೊಂಡ.

“ಅಪ್ಪಾರ, ಈ ಮಣಿಗೆ ನಾ ದಿನಾ ಹೂವು ಏರಸ್ತೀನ್ರಿ.”

“ಇವತ್ತಿನ ಹೂವು ಇವನ ಕೈಗೆ ಕೊಡು. ಮಣಿ ಕೊಯ್ಯಾಕ ನೀನೂ ಒಂದು ಕೈ ಹಚ್ಚು.”

ಗುರುಗಳ ಮಾತು ಮೀರುವಂತಿಲ್ಲ. ಫಕೀರಪ್ಪ ಗೊಣಗುತ್ತಲೇ ಗರಗಸದ ಇನ್ನೊಂದು ತುದಿ ಹಿಡಿದ.

ಮರದ ಕೆಲಸ ಸುಸೂತ್ರವಾಗಿ ಮುಗಿಯಿತು. ಉಳಿದದ್ದು ಪಿಕಪ್. ಆಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸುತ್ತುತ್ತಾ ಹೋದರೆ ಅದೇ ಪಿಕಪ್. ಮೇಲಿನ ಗಿಟಾರ್ ತಂತಿ ಕಂಪಿಸಿದ್ದನ್ನು ಅದು ಹಿಡಿದು ಸ್ಪೀಕರಿಗೆ ಕೊಡುತ್ತದೆ. ಅಂಗಡಿಯಲ್ಲಿ ಸಿಗುವುದನ್ನು ದುಂಡಪ್ಪ ಒಲ್ಲೆನೆಂದ. ತತ್ವಪದಕ್ಕೆ ತಕ್ಕ ನಾದ ಬೇಕು, ತಾನೇ ಸುತ್ತುತ್ತೇನೆ ಎಂದು ಹಟ ಹಿಡಿದ. ಎರಡು ಸುರುಳಿ ಬೇಕಿದ್ದವು. ಒಂದನ್ನು ತಾನು ಸುತ್ತಿದ, ಇನ್ನೊಂದನ್ನು ಫಕೀರಪ್ಪನಿಗೆ ಒಪ್ಪಿಸಿದ.

ಎಲ್ಲಾ ಜೋಡಿಸಿ ನುಡಿಸಿದ ದಿನ ಅಡವಯ್ಯನವರು ಕಣ್ಣು ಮುಚ್ಚಿ ಕೂತು ಕೇಳಿದರು.

ಮೊದಲು ಫಕೀರಪ್ಪನ ಸುರುಳಿ ನುಡಿಯಿತು. ಗಂಭೀರ ದನಿ.

“ಚಲೋ ಐತಿ. ಆದ್ರ ಪದದ ಮಾತು ನುಂಗತೈತಿ.”

ಆಮೇಲೆ ದುಂಡಪ್ಪನ ಸುರುಳಿ. ಚುರುಕು ದನಿ.

“ಇದೂ ಚಲೋ. ಆದ್ರ ಕಿವಿ ಚುಚ್ಚತೈತಿ. ಎರಡೂ ಕೂಡಿ ಬರಲಿ.”

ದುಂಡಪ್ಪ ಸುರುಳಿ ಆರಿಸುವ ಸ್ವಿಚ್ಚನ್ನು ಎರಡೂ ನುಡಿಯುವಂತೆ ನಡುವೆ ತಂದು ನಿಲ್ಲಿಸಿ ತಂತಿ ಮೀಟಿದ. ತಗಡಿನ ಡಬ್ಬಿಯಲ್ಲಿ ನೊಣ ಸಿಕ್ಕಿಕೊಂಡಂತೆ ಒಂದು ಸಣ್ಣ ಸದ್ದು ಬಂತು. ಗಾಂಭೀರ್ಯವೂ ಇಲ್ಲ, ಚುರುಕೂ ಇಲ್ಲ.

ಅಡವಯ್ಯನವರು ಎದ್ದು ಹೋದರು.

ಅಂದಿನಿಂದ ದುಂಡಪ್ಪನಿಗೆ ಊಟ ರುಚಿಸಲಿಲ್ಲ. ಇದ್ದಿಲಿನಿಂದ ನೆಲದ ಮೇಲೆ ವೈರಿಂಗಿನ ಚಿತ್ರ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಒಂದು ಹೊಸ ಸ್ವಿಚ್ಚು ಸೇರಿಸಿದ. ಸಾಲದೆಂದು ಇನ್ನೊಂದು. ತನ್ನ ಸುರುಳಿಗೆ ಇನ್ನಷ್ಟು ತಂತಿ ಸುತ್ತಿದ, ಫಕೀರಪ್ಪನಿಂದಲೂ ಅವನದಕ್ಕೆ ಸುತ್ತಿಸಿ ಬಲ ತುಂಬಿದ. ಬಲ ಹೆಚ್ಚಾದರೂ ಕೂಡಿದ ದನಿ ಮಾತ್ರ ಬಡಕಲಾಗಿಯೇ ಉಳಿಯಿತು.

“ಗಿಟಾರ್ ಮಾಡ್ತೀಯೋ, ಗುಬ್ಬಿಗೂಡು ಕಟ್ತೀಯೋ?” ಎಂದು ಫಕೀರಪ್ಪ ಅದರ ಹೊಟ್ಟೆಯೊಳಗೆ ಇಣುಕಿದ.

“ನೀ ಸುತ್ತಿದ್ದ ಸರಿ ಇಲ್ಲ. ಅದಕ ಹಿಂಗಾಗೈತಿ.”

“ನಂದು ಒಂದ ನುಡಿದಾಗ ಅಪ್ಪಾರು ಚಲೋ ಅಂದ್ರು. ನಿಂದ ನೋಡ್ಕೋ.”

“ನಂದಕ್ಕೂ ಚಲೋ ಅಂದಾರ.”

“ಹಂಗಾರ ಮಣಿ ಕೊಯ್ದದ್ದ ತಪ್ಪು. ನುಡಿಯೂದಿಲ್ಲ ಅದು.”

ಆ ಮಾತು ದುಂಡಪ್ಪನಿಗೆ ನಾಟಿತು. ಇಬ್ಬರೂ ಮಾತು ಬಿಟ್ಟರು. ಕೊಯ್ದ ಮಣೆಯನ್ನು ಮತ್ತೆ ಮಣೆ ಮಾಡಲು ಯಾರಿಂದಲೂ ಆಗದು. ಗುರುಗಳ ಗುರುಗಳು ಕೂತ ಪೀಠವನ್ನು ತಾನು ಕಟ್ಟಿಗೆ ಮಾಡಿಬಿಟ್ಟೆನಲ್ಲ ಎಂದು ಅವನಿಗೆ ಅಳು ಬರುತ್ತಿತ್ತು. ಗುರುಗಳು ಬೈದಿದ್ದರೂ ಹಗುರಾಗುತ್ತಿತ್ತು. ಅವರು ಬೈಯಲೂ ಇಲ್ಲ.

ಸೋಮವಾರ ಸಂಜೆ ತತ್ವಪದ ಕೇಳಲು ಊರವರು ಬರುವ ವಾಡಿಕೆ. ಅವರಿಗೆ ಮುಖ ತೋರಿಸುವುದು ಬೇಡವೆಂದು ದುಂಡಪ್ಪ ಅಂದು ಬೆಳಿಗ್ಗೆಯೇ ಬಟ್ಟೆಗಂಟು ಕಟ್ಟಿ ಗುರುಗಳ ಕಾಲಿಗೆರಗಿದ.

“ಹೋಗಿ ಬರ್ತೀನ್ರಿ ಅಪ್ಪಾರ. ಮಣಿ ಹಾಳು ಮಾಡಿದೆ. ಹೊಟ್ಟ್ಯಾಗ ಹಾಕ್ಕೋರಿ.”

“ಹೋಗೀಯಂತ. ಮೊದಲ ಒಂದಿಷ್ಟು ಜೋಳ ಬೀಸೂಣು ಬಾ.”

ಬೀಸುಕಲ್ಲಿನ ಒಂದು ಕಡೆ ಗುರುಗಳು ಕೂತರು, ಎದುರಿಗೆ ದುಂಡಪ್ಪ. ಇಬ್ಬರೂ ಒಂದೇ ಗೂಟ ಹಿಡಿದರು. ದುಂಡಪ್ಪ ಎಂದಿನಂತೆ ತಿರುಗಿಸಲು ಹೋದ. ಕಲ್ಲು ಅಲುಗಲಿಲ್ಲ. ಜೋರು ಹಾಕಿದ. ಆಗಲೂ ಅಲುಗಲಿಲ್ಲ. ಗುರುಗಳ ತೋಳಿನ ನರ ಉಬ್ಬಿದ್ದನ್ನು ಕಂಡ.

“ಅಪ್ಪಾರ, ನೀವು ಉಲ್ಟಾ ತಿರುವಾಕ ಹತ್ತೀರಿ.”

“ನನಗ ನೀ ಉಲ್ಟಾ ಕಾಣ್ತಿ.”

ಇಬ್ಬರೂ ಇನ್ನಷ್ಟು ಬಲ ಹಾಕಿದರು. ಹಣೆಯ ಮೇಲೆ ಬೆವರು ಮೂಡಿತು. ಕಲ್ಲು ಕಲ್ಲಾಗಿಯೇ ಕೂತಿತ್ತು.

“ನಾನೂ ದುಡಿದೆ, ನೀನೂ ದುಡಿದಿ. ಹಿಟ್ಟೆಲ್ಲೋ ದುಂಡಪ್ಪಾ?” ಎಂದು ಗುರುಗಳು ಕೇಳಿದರು.

ದುಂಡಪ್ಪ ಗೂಟ ಬಿಟ್ಟ. ಬರಿಗೈಯನ್ನು ಗಾಳಿಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುತ್ತಿ ನೋಡಿದ. ಆಮೇಲೆ ಎದ್ದವನೇ ಅಡುಗೆಮನೆಗೆ ಓಡಿದ. ಫಕೀರಪ್ಪ ರೊಟ್ಟಿ ಬಡಿಯುತ್ತಿದ್ದ. ಎಡಗೈಯಿಂದ.

“ಫಕೀರಣ್ಣಾ, ಸುರುಳಿನೂ ಎಡಗೈಲೇನ ಸುತ್ತಿದ್ಯೇನು?”

ಮಾತು ಬಿಟ್ಟವನು ಮಾತಾಡಿಸಿದ್ದಕ್ಕೆ ಫಕೀರಪ್ಪನಿಗೆ ಅಚ್ಚರಿಯಾಯಿತು. “ಮತ್ತ? ಎಡಚ ಬಲಗೈಲೆ ಸುತ್ತತಾನೇನು?”

ದುಂಡಪ್ಪ ಗಿಟಾರಿನ ಹೊಟ್ಟೆ ಬಿಚ್ಚಿದ. ಒಂದು ಸುರುಳಿ ಎಡದಿಂದ ಸುತ್ತಿದ್ದು, ಇನ್ನೊಂದು ಬಲದಿಂದ. ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತಿತ್ತು. ಎರಡೂ ಗಟ್ಟಿಯಾಗಿಯೇ ಇದ್ದವು. ಅದಕ್ಕೇ ಕೂಡಿದಾಗ ಏನೂ ಉಳಿಯುತ್ತಿರಲಿಲ್ಲ.

ಯಾವುದಾದರೂ ಒಂದು ಸುರುಳಿಯ ಎರಡು ವೈರುಗಳನ್ನು ಅದಲು ಬದಲು ಮಾಡಿದರೆ ಸಾಕಿತ್ತು.

ಸೋಲ್ಡರಿಂಗ್ ಐರನ್ ಹಿಡಿದ ಕೈ ಮೊದಲು ಫಕೀರಪ್ಪನ ಸುರುಳಿಯ ಕಡೆಗೇ ಹೋಯಿತು. ಅಲ್ಲಿ ಒಂದು ಗಳಿಗೆ ತಡೆಯಿತು. ಆಮೇಲೆ ದುಂಡಪ್ಪ ತಾನು ಸುತ್ತಿದ್ದರ ವೈರು ಬಿಚ್ಚಿ, ತಿರುಗಿಸಿ, ಬೆಸುಗೆ ಹಾಕಿದ. ಸೇರಿಸಿದ್ದ ಸ್ವಿಚ್ಚುಗಳನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟ.

ಮೊದಲಿನ ಸ್ವಿಚ್ಚನ್ನು ನಡುವೆ ತಂದು ಮೀಟಿದಾಗ ಹಿಟ್ಟಿನ ಕೈಯಲ್ಲೇ ಫಕೀರಪ್ಪ ಹೊರಗೆ ಬಂದು ನಿಂತ. ತುಂಬಿದ, ದುಂಡನೆಯ ದನಿ. ಎದೆಗೂ ತಾಗಿತು, ಕಿವಿಗೂ ಹಿತವಾಗಿತ್ತು.

ದುಂಡಪ್ಪನ ಎದೆಯ ಮೇಲಿನ ಭಾರ ಇಳಿದುಹೋಯಿತು. ಮೊದಲು ನಕ್ಕ, ಆಮೇಲೆ ಅತ್ತ, ಅಳುತ್ತಲೇ ಇನ್ನೊಮ್ಮೆ ಮೀಟಿ ನೋಡಿದ. ದನಿ ಅಲ್ಲೇ ಇತ್ತು.

ಅಂದು ಸಂಜೆ ಅಡವಯ್ಯನವರು ಹಾಡಿದರು, ದುಂಡಪ್ಪ ನುಡಿಸಿದ. ಊರವರು ತಲೆದೂಗಿದರು. ಗಂಟಿನಲ್ಲಿದ್ದ ಬಟ್ಟೆ ಮತ್ತೆ ಗೋಡೆಯ ಗೂಟಕ್ಕೆ ಏರಿತು.

ಎಲ್ಲರೂ ಹೋದ ಮೇಲೆ ಫಕೀರಪ್ಪ ಗುರುಗಳ ಹತ್ತಿರ ಬಂದು ಕೂತ. ಅವನಿಗೆ ಒಂದು ಮಾತು ಕೊರೆಯುತ್ತಿತ್ತು.

“ಅಪ್ಪಾರ, ಎಡಗೈಲೆ ಸುತ್ತಿದಾವ ನಾನು. ಎಲ್ಲಾರಂಗ ಸುತ್ತಿದಾವ ಅವ. ಬದಲಿ ಮಾಡಬೇಕಾಗಿದ್ದು ನಂದು. ಅವ ತನ್ನದ್ಯಾಕ ತಿರುವಿದನ್ರಿ?”

ಅಡವಯ್ಯನವರು ಹೊದಿಕೆ ಎಳೆದುಕೊಂಡು ಮಗ್ಗುಲಾದರು.

“ಅವನ ಕೈಗೆ ಅವಂದು ಹತ್ತರ ಇತ್ತಪಾ.”