ಸಿಪ್ಪೆಯ ಸಹವಾಸ ಬೇಡವೆಂದ ಸಾಸ್

ಒಂದು ಜ್ಯೂಸ್ ಅಂಗಡಿಯಲ್ಲಿ ಸ್ಯಾಂಡ್‌ವಿಚ್ಚಿಗೆ ಹಚ್ಚುವ ಬಿಳಿ ಸಾಸ್ ಒಂದಿತ್ತು. ಗಿರಾಕಿಗಳು ಜಿಡ್ಡು ಬೇಡ ಅಂದರು ಅಂತ ಅಂಗಡಿಯ ಸುಗಂಧಕ್ಕ ಅದರ ಎಣ್ಣೆಯನ್ನು ಅರ್ಧಕ್ಕೆ ಇಳಿಸಿದಳು. ಪಾಪ, ಅವತ್ತಿನಿಂದ ಅದು ಮಜ್ಜಿಗೆಯ ಹಾಗೆ ಹರಿಯತೊಡಗಿತು. ಅಕ್ಕನದು ಒಂದೇ ಪರೀಕ್ಷೆ. ಚಮಚದಲ್ಲಿ ಸಾಸ್ ತೆಗೆದು ಬೋರಲು ಹಿಡಿಯುವುದು. ನಿಂತರೆ ಬ್ರೆಡ್ಡಿಗೆ, ಬಿದ್ದರೆ ಪಾತ್ರೆಯಲ್ಲಿದ್ದದ್ದೆಲ್ಲ ಕಸದ ಬಕೆಟ್ಟಿಗೆ.

ಅದೇ ಬಕೆಟ್ಟಿಗೆ ಹೊರಟಿದ್ದ ಮೂಸಂಬಿ ಸಿಪ್ಪೆ ಹೇಳಿತು, "ಅಕ್ಕಾ, ನನ್ನನ್ನು ಕಹಿ ಹೋಗುವ ತನಕ ಕುದಿಸಿ, ನುಣ್ಣಗೆ ರುಬ್ಬಿ ಇವನಿಗೆ ಬೆರೆಸು. ಬೀಳದ ಹಾಗೆ ನಾನು ಹಿಡಿದುಕೊಳ್ಳುತ್ತೇನೆ."

ಅಕ್ಕ ಹಾಗೇ ಮಾಡಿದಳು. ಚಮಚ ಬೋರಲಾದರೂ ಸಾಸ್ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಏನಯ್ಯಾ, ಇಷ್ಟೊಂದು ಗಟ್ಟಿಯಾಗಿದ್ದೀಯ!" ಎಂದಿತು ಕೆಚಪ್ ಬಾಟಲಿ.

"ನಮ್ಮ ವಂಶವೇ ಗಟ್ಟಿ ಕಣಯ್ಯಾ," ಎಂದಿತು ಸಾಸ್.

"ಮತ್ತೆ ಆ ಸಿಪ್ಪೆ?"

"ಥೂ, ಹಿಂಡಿ ಬಿಸಾಕಿದ್ದರ ಹೆಸರು ನನ್ನೆದುರು ಎತ್ತಬೇಡ!"

ಮಾರನೆಯ ದಿನ ಹೊಸದಾಗಿ ತಯಾರಾಗುವಾಗ ಸಾಸ್ ಅಕ್ಕನಿಗೇ ಅಪ್ಪಣೆ ಕೊಟ್ಟಿತು. "ಇನ್ನು ಸಿಪ್ಪೆ ಸೇರಿಸಕೂಡದು. ನನಗೂ ಮರ್ಯಾದೆ ಇದೆ."

"ನಿನ್ನಿಷ್ಟ ಮಾರಾಯ," ಎಂದು ಅಕ್ಕ ಅವತ್ತಿನ ಸಿಪ್ಪೆಯನ್ನು ಬಕೆಟ್ಟಿಗೆ ಎಸೆದಳು. ಆಮೇಲೆ ಚಮಚ ಬೋರಲು ಹಿಡಿದಳು. ವಂಶಸ್ಥರು ಪಚಕ್ಕನೆ ನೆಲಕ್ಕೆ ಬಿದ್ದರು. ಅಕ್ಕ ಉಳಿದ ಸಾಸನ್ನೆಲ್ಲ ಬಕೆಟ್ಟಿಗೆ ಸುರಿದಳು.

ಒಳಗಿದ್ದ ಸಿಪ್ಪೆ ಹೇಳಿತು, "ಬಾರಪ್ಪಾ, ಬಾ. ಆದರೆ ಸ್ವಲ್ಪ ಆ ಕಡೆ ಸರಿದು ಕೂತ್ಕೋ. ನನಗೂ ಮರ್ಯಾದೆ ಇದೆ."